ವಾಲ್ವಿನ ನಾದ ಪೆಟ್ಟಿಗೆಯಲ್ಲಿ ಸಿಕ್ಕೀತೇ?

ಇಂದು ಶಾಲೆಯ ಯಾವ ಕಾರ್ಯಕ್ರಮವಾದರೂ ಸರಿ, ಭರತನಾಟ್ಯ, ದೇಶಭಕ್ತಿಗೀತೆಗಳ ಜೊತೆಗೆ ಗಿಟಾರ್ ಹಿಡಿದ ಮಕ್ಕಳ ಒಂದು ತಂಡ ಇದ್ದೇ ಇರುತ್ತದೆ. ಆ ಮಕ್ಕಳ ಕಾಲ ಬಳಿ ನಿಘಂಟಿನ ಗಾತ್ರದ ಒಂದು ಪೆಟ್ಟಿಗೆ ಕಾಣುತ್ತದೆ. ಅದರ ಹೆಸರು ಡಿಜಿಟಲ್ ಮಾಡೆಲರ್. ಹಳೆಯ ಹೆಸರಾಂತ ವಾಲ್ವ್ ಆಂಪ್ಲಿಫೈಯರುಗಳ ನಾದವನ್ನು ಕಂಪ್ಯೂಟರ್ ಲೆಕ್ಕದಿಂದ ಹೊರಡಿಸುವ ಯಂತ್ರ ಇದು. ಇದರ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. "ಇದೆಲ್ಲ ನಕಲಿ, ವಾಲ್ವಿನ ನಾದವೇ ಬೇರೆ" ಎಂದು ಹಿರಿಯ ವಾದಕರು ಮೂಗು ಮುರಿಯುತ್ತಾರೆ. "ಇನ್ನೂ ದುಬಾರಿ ಪೆಟ್ಟಿಗೆ ಕೊಡಿಸಿದರೆ ಆ ನಾದ ತಾನಾಗಿ ಬರುತ್ತದೆ" ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ವಾಲ್ವಿನ ನಾದ ಈ ಪೆಟ್ಟಿಗೆಯಲ್ಲಿ ಸಿಗುತ್ತದೆ. ಆದರೆ ವಾಲ್ವ್ ಏನು ಮಾಡುತ್ತಿತ್ತು ಎಂದು ತಿಳಿದು, ಕಿವಿಗೊಟ್ಟು ಹುಡುಕುವವರಿಗೆ ಸಿಗುತ್ತದೆ.

ವಾಲ್ವ್ ಎಂದರೇನು ಎಂದು ಮಕ್ಕಳು ಊರಿನಲ್ಲಿರುವ ಅಜ್ಜ ಅಜ್ಜಿಯರನ್ನು ಕೇಳಬೇಕು. ಟ್ರಾನ್ಸಿಸ್ಟರ್ ಬರುವ ಮುಂಚೆ ಮನೆಯ ರೇಡಿಯೋ ಎಂದರೆ ವಾಲ್ವ್ ರೇಡಿಯೋ. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಕಾದು ಕೆಂಪಗಾದ ಮೇಲಷ್ಟೇ ದನಿ ಬರುತ್ತಿತ್ತು. ಆ ಬುರುಡೆಗಳೇ ವಾಲ್ವ್‌ಗಳು. ಅಮೆರಿಕದವರು ಅದನ್ನೇ ಟ್ಯೂಬ್ ಎನ್ನುತ್ತಾರೆ. ಕನ್ನಡಿಗರಿಗೆ ಇದು ದೂರದ ವಸ್ತುವೇನಲ್ಲ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿ.ಇ.ಎಲ್., 1961ರಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸತೊಡಗಿತು. ಅಲ್ಲಿ ತಯಾರಾಗುತ್ತಿದ್ದ ಇ.ಸಿ.ಸಿ. 83, ಇ.ಎಲ್. 84 ಎಂಬ ಮಾದರಿಗಳೇ ಬೀಟಲ್ಸ್ ತಂಡ ಬಳಸಿದ ವಾಕ್ಸ್ ಎ.ಸಿ. 30 ಆಂಪ್ಲಿಫೈಯರಿನಲ್ಲೂ ಇದ್ದವು. ಇಂದು ಮಕ್ಕಳು ಹುಡುಕುತ್ತಿರುವ ನಾದದ ಬೇರು ಅಜ್ಜನ ರೇಡಿಯೋದಲ್ಲೂ ಇತ್ತು ಎನ್ನಬಹುದು.

ಈ ನಾದದ ಗುಟ್ಟೇನು? ಮೆಲ್ಲಗೆ ಮೀಟಿದಾಗ ವಾಲ್ವ್ ಶುದ್ಧವಾಗಿ ನುಡಿಯುತ್ತದೆ. ಜೋರಾಗಿ ಮೀಟಿದಾಗ ಅದರ ಶಕ್ತಿ ಮೇರೆ ಮುಟ್ಟುತ್ತದೆ. ಆಗ ಶಬ್ದದ ಅಲೆಯ ತುದಿ ಕತ್ತರಿಸಿದಂತೆ ತುಂಡಾಗುವುದಿಲ್ಲ, ಸವೆದ ಬಳಪದಂತೆ ದುಂಡಗಾಗುತ್ತದೆ. ಹಾಗೆ ಆಕಾರ ಬದಲಾದ ಅಲೆಯಲ್ಲಿ ಹೊಸ ಸ್ವರಗಳು ಸೇರಿಕೊಳ್ಳುತ್ತವೆ: ಮೂಲ ಸ್ವರವನ್ನು ಷಡ್ಜ ಎಂದುಕೊಂಡರೆ ಮೇಲಿನ ಷಡ್ಜ, ಅದರ ಮೇಲಿನ ಪಂಚಮ, ಇನ್ನೂ ಮೇಲೆ ಗಾಂಧಾರ. ಶಾಸ್ತ್ರೀಯ ಸಂಗೀತ ಕಲಿಯುವ ಮಕ್ಕಳಿಗೆ ಇದು ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದು ನೂಲೆಳೆ ಇಡುತ್ತಾರೆ. ಅದಕ್ಕೆ ಜೀವ ಎಂದೇ ಹೆಸರು. ಅದು ಸರಿಯಾದ ಜಾಗದಲ್ಲಿ ಕುಳಿತಾಗ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ. ವಿದ್ಯುತ್ ಗಿಟಾರಿಗೆ ವಾಲ್ವ್ ಮಾಡಿಕೊಟ್ಟದ್ದು ಅಂಥದೇ ಉಪಕಾರ.

ಹಾಗಾದರೆ ವಾಲ್ವ್ ಆಂಪ್ಲಿಫೈಯರನ್ನೇ ಕೊಂಡರಾಯಿತಲ್ಲ ಎಂದು ಕೇಳಬಹುದು. ಮಸ್ಕತ್ತಿನಲ್ಲಿ ಬಾಳುವ ನಮ್ಮಂಥವರಿಗೆ ಅದು ಸುಲಭವಲ್ಲ. ಅದನ್ನು ಮೇರೆಯವರೆಗೆ ದುಡಿಸಿದಾಗಲೇ ಆ ನಾದ ಹುಟ್ಟುವುದು. ರೂವಿಯಲ್ಲೋ ಗುಬ್ರಾದಲ್ಲೋ ಇರುವ ಫ್ಲ್ಯಾಟಿನಲ್ಲಿ 30 ವಾಟಿನ ಯಂತ್ರವನ್ನು ಹಾಗೆ ದುಡಿಸಿದರೆ ಮೇಲಿನವರು, ಕೆಳಗಿನವರು, ಪಕ್ಕದವರು ಒಟ್ಟಿಗೇ ಬಾಗಿಲು ತಟ್ಟಿಯಾರು. ಎ.ಸಿ. 30ರ ತೂಕ 30 ಕಿಲೋ ದಾಟುತ್ತದೆ. ಅಪ್ಪನ ಕೆಲಸ ಸೋಹಾರಿಗೋ ಸಲಾಲಾಕ್ಕೋ ಬದಲಾದಾಗ ಹೊತ್ತು ತಿರುಗುವ ಸಾಮಾನು ಅದಲ್ಲ. ಅಮೆರಿಕದ 120 ವೋಲ್ಟಿನ ಯಂತ್ರವನ್ನು ಇಲ್ಲಿನ 240 ವೋಲ್ಟಿಗೆ ನೇರವಾಗಿ ಹಾಕುವಂತಿಲ್ಲ. ವಾಲ್ವ್ ಸವೆಯುತ್ತದೆ, ಹೊಸದನ್ನು ರಷ್ಯಾ, ಸ್ಲೊವಾಕಿಯಾ, ಚೀನಾಗಳ ಕಾರ್ಖಾನೆಗಳಿಂದ ತರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದರೊಳಗೆ ನೂರಾರು ವೋಲ್ಟಿನ ವಿದ್ಯುತ್ತು ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಲ ಹೊತ್ತು ಉಳಿದಿರಬಹುದು. ಮಕ್ಕಳು ಕುತೂಹಲದಿಂದ ಬಿಚ್ಚಿ ನೋಡುವ ವಸ್ತುವಲ್ಲ.

ಮಾಡೆಲರ್ ಈ ತೊಂದರೆಗಳನ್ನೆಲ್ಲ ನಿವಾರಿಸುತ್ತದೆ. ಅಮೆರಿಕದ ಲೈನ್ 6 ಕಂಪನಿ 1998ರಲ್ಲಿ ತಂದ ಪಾಡ್ ಎಂಬ ಕೆಂಪು ಪೆಟ್ಟಿಗೆ ಇದನ್ನು ಮನೆಮನೆಗೆ ತಲುಪಿಸಿತು. ಆಗಿನ ಲೆಕ್ಕ ಒರಟು. ನಾದದಲ್ಲಿ ತುಸು ತಗಡಿನ ಸದ್ದು ಇದ್ದೇ ಇತ್ತು. ಮುಂದೆ ಜರ್ಮನಿಯ ಕೆಂಪರ್ ಕಂಪನಿ ಬೇರೆ ದಾರಿ ಹಿಡಿಯಿತು. ಅಸಲಿ ಆಂಪ್ಲಿಫೈಯರಿಗೆ ಪರೀಕ್ಷೆಯ ಶಬ್ದಗಳನ್ನು ಕಳಿಸಿ, ಅದು ಹೇಗೆ ಉತ್ತರಿಸುತ್ತದೆ ಎಂದು ಅಳೆದು ಅದರ ಪಡಿಯಚ್ಚು ತೆಗೆಯುವ ದಾರಿ ಅದು. ಇಂದು ಕೃತಕ ಬುದ್ಧಿಮತ್ತೆಯ ಜಾಲಗಳು ಅದೇ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮಾಡುತ್ತಿವೆ. ಇದಕ್ಕೆ ಪುಕ್ಕಟೆ ಸಾಫ್ಟ್‌ವೇರ್ ಕೂಡ ಸಿಗುತ್ತದೆ.

"ಆದರೂ ನಕಲು ನಕಲೇ" ಎನ್ನುವವರಿಗೆ ನಮ್ಮ ಸಂಗೀತದಿಂದಲೇ ಉತ್ತರವಿದೆ. ಬೆಂಗಳೂರಿನ ಎಂಜಿನಿಯರ್, ಸ್ವತಃ ಸಂಗೀತಗಾರರಾದ ಜಿ. ರಾಜನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ತಂಬೂರಿಯ ಜೀವ ಪೆಟ್ಟಿಗೆಯಲ್ಲಿ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ಅದಕ್ಕೂ ತಪ್ಪಲಿಲ್ಲ. ಆ ಆಕ್ಷೇಪದಲ್ಲಿ ನಿಜವೂ ಉಂಟು. ಒಳ್ಳೆಯ ತಂಬೂರಿಯ ಪಕ್ಕದಲ್ಲಿ ಕುಳಿತು ಹಾಡುವ ಸುಖವೇ ಬೇರೆ. ಆದರೆ ಕೊಲ್ಲಿ ದೇಶಗಳ ಫ್ಲ್ಯಾಟುಗಳಲ್ಲಿ ಎಷ್ಟು ಮಕ್ಕಳು ಶ್ರುತಿ ಸೇರಿಸಿ ಹಾಡಲು ಕಲಿತದ್ದು ಅಂಥ ಪೆಟ್ಟಿಗೆಯ ಮುಂದೆ! ಪೆಟ್ಟಿಗೆ ಇಲ್ಲದಿದ್ದರೆ ಅವರಿಗೆ ತಂಬೂರಿ ಸಿಗುತ್ತಿರಲಿಲ್ಲ, ಶ್ರುತಿಯೇ ಇಲ್ಲದೆ ಹಾಡಬೇಕಾಗುತ್ತಿತ್ತು. ಗಿಟಾರಿನ ಮಕ್ಕಳಿಗೂ ಇದೇ ನ್ಯಾಯ ಸಲ್ಲಬೇಕು.

ಈಗ ಇನ್ನೊಂದು ಪಕ್ಷಕ್ಕೆ ಬರೋಣ. ಈ ಪೆಟ್ಟಿಗೆಯ ದೊಡ್ಡ ಅಪಾಯ ಅದರಲ್ಲಿ ತುಂಬಿರುವ ನೂರಾರು ಸಿದ್ಧ ನಾದಗಳು. ಅಭ್ಯಾಸಕ್ಕೆಂದು ಕುಳಿತ ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಗುಂಡಿ ಒತ್ತುವುದರಲ್ಲೇ ಕಳೆದುಹೋಗುತ್ತದೆ. ಕೊನೆಗೆ "ಈ ಪೆಟ್ಟಿಗೆ ಸರಿಯಿಲ್ಲ" ಎಂಬ ತೀರ್ಮಾನ. ಕುಣಿಯಲಾರದವರು ನೆಲ ಡೊಂಕು ಎಂದ ಹಾಗೆ. ಹಳೆಯ ವಾದಕರಿಗೆ ನೂರು ಆಂಪ್ಲಿಫೈಯರ್ ಇರಲಿಲ್ಲ, ಇದ್ದದ್ದು ಒಂದೋ ಎರಡೋ. ಅದನ್ನೇ ತಿದ್ದಿ ತೀಡಿ ತಮ್ಮ ನಾದವನ್ನು ಕಂಡುಕೊಂಡರು. ಆದ್ದರಿಂದ ಒಂದು ಆಂಪ್ಲಿಫೈಯರ್ ಮಾದರಿ, ಅದಕ್ಕೆ ತಕ್ಕ ಒಂದು ಸ್ಪೀಕರ್ ಮಾದರಿ ಆರಿಸಿಕೊಂಡು ಕನಿಷ್ಠ ಒಂದು ತಿಂಗಳು ಅದರಲ್ಲೇ ನುಡಿಸಿರಿ. ಸ್ಪೀಕರ್ ಮಾದರಿಯನ್ನು ಬಿಡಬೇಡಿ. ಗಿಟಾರಿನ ಸ್ಪೀಕರ್ ಅತಿ ಮೇಲಿನ ಕಂಪನಗಳನ್ನು ತಾನೇ ಸೋಸಿ ಬಿಡುತ್ತದೆ. ಅದಿಲ್ಲದೆ ಕೇಳಿದರೆ ಎಂಥ ಉತ್ತಮ ಮಾದರಿಯೂ ಡಬ್ಬಿಯಲ್ಲಿ ಸಿಕ್ಕ ಕಣಜದಂತೆ ಗುಂಯ್‌ಗುಡುತ್ತದೆ. ಗೇನ್ ಬೇಕೆನಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಇಡಿ. ಬಳಿಕ ಗಿಟಾರಿನ ಮೇಲಿರುವ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕೆ ಇಳಿಸಿ ನೋಡಿ. ಗೊರಗೊರ ಸದ್ದು ಕರಗಿ ನಾದ ತಿಳಿಯಾದರೆ, ಮೆಲ್ಲಗೆ ಮೀಟಿದ್ದಕ್ಕೂ ಜೋರಾಗಿ ಮೀಟಿದ್ದಕ್ಕೂ ವ್ಯತ್ಯಾಸ ಕೇಳಿದರೆ, ನೀವು ವಾಲ್ವಿನ ಹತ್ತಿರ ಬಂದಿರಿ ಎಂದು ತಿಳಿಯಿರಿ.

ವೇದಿಕೆಗೆ ಹೋಗುವ ಮಕ್ಕಳಿಗೆ ಇನ್ನೊಂದು ಮಾತು. ರಾತ್ರಿ ಹೆಡ್‌ಫೋನಿನಲ್ಲಿ ಕೇಳಿದಾಗ ಮೈಜುಂ ಎನಿಸಿದ ನಾದ ಸಭಾಂಗಣದಲ್ಲಿ ಕೇಳಿಸುವುದೇ ಇಲ್ಲ ಎಂದು ಎಷ್ಟೋ ಮಕ್ಕಳು ಸಪ್ಪೆ ಮೋರೆ ಹಾಕುತ್ತಾರೆ. ಇದಕ್ಕೆ ಕಾರಣ ಯಂತ್ರವಲ್ಲ, ನಮ್ಮ ಕಿವಿ. ಸದ್ದು ಮೆಲ್ಲಗಿದ್ದಾಗ ಕಿವಿಗೆ ತಗ್ಗಿನ ಮತ್ತು ಅತಿ ಮೇಲಿನ ಸ್ವರಗಳು ಕಡಿಮೆ ಕೇಳುತ್ತವೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಮನೆಯಲ್ಲಿ ನಾವು ಬಾಸ್, ಟ್ರೆಬಲ್ ಎರಡನ್ನೂ ಏರಿಸಿಬಿಡುತ್ತೇವೆ. ದೊಡ್ಡ ಸದ್ದಿನಲ್ಲಿ ಆ ಬಾಸ್ ಡ್ರಮ್ಮಿನೊಡನೆ ಕಲಸಿಹೋಗುತ್ತದೆ, ಟ್ರೆಬಲ್ ಕಿವಿ ಕೊರೆಯುತ್ತದೆ. ವೇದಿಕೆಗೆ ಬಾಸ್ ಮತ್ತು ಗೇನ್ ತಗ್ಗಿಸಿ, ನಡುವಿನ ಸ್ವರಗಳನ್ನು ಏರಿಸಿ. ತಂಡದೊಡನೆ ಕೂಡಿ ನುಡಿಸುವಾಗಲೇ ಗುಂಡಿಗಳನ್ನು ಸರಿಪಡಿಸಿಕೊಳ್ಳಿ. ಒಂಟಿಯಾಗಿ ಕೇಳಿದರೆ ಬಡಕಲು ಎನಿಸುವ ನಾದವೇ ಹಲವು ವಾದ್ಯಗಳ ನಡುವೆ ತನ್ನ ಜಾಗ ಹಿಡಿದು ನಿಲ್ಲುತ್ತದೆ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳು ಕೇಳಿದರೆಂದು ವರ್ಷಕ್ಕೊಂದು ಹೊಸ ಪೆಟ್ಟಿಗೆ ಕೊಡಿಸಬೇಡಿ. ನಕಲಿ ಎಂದು ಯಾರೋ ಹೇಳಿದರೆಂದು ಇರುವುದನ್ನು ಮೂಲೆಗೂ ಹಾಕಬೇಡಿ. ಸಾಧಾರಣ ಮಾಡೆಲರ್ ಒಂದು ಸಾಕು. ಉಳಿದ ಹಣ ಒಳ್ಳೆಯ ಶಿಕ್ಷಕರಿಗೆ ಸಲ್ಲಲಿ. ಹೆಡ್‌ಫೋನಿನ ಸದ್ದು ಮಿತಿಯಲ್ಲಿದೆಯೇ ಎಂದು ಆಗಾಗ ನೋಡಿ; ಕೆಟ್ಟ ಕಿವಿಯನ್ನು ಯಾವ ಕಂಪನಿಯೂ ದುರಸ್ತಿ ಮಾಡಿಕೊಡದು. ವಾರಕ್ಕೊಮ್ಮೆ ಹಗಲು ಹೊತ್ತಿನಲ್ಲಿ ಹೆಡ್‌ಫೋನ್ ತೆಗೆಸಿ, ನಾಲ್ಕು ಜನರ ಮುಂದೆ ನುಡಿಸಲು ಹೇಳಿ. ನೀವೂ ಕುಳಿತು ಕೇಳಿ.

ಮಕ್ಕಳೇ, ಹಳೆಯ ಯಂತ್ರಗಳ ಪಡಿಯಚ್ಚು ನಿಮ್ಮ ಪೆಟ್ಟಿಗೆಯಲ್ಲಿದೆ. ಆ ಯಂತ್ರಗಳ ಮುಂದೆ ಕುಳಿತು ಬೆರಳು ಸವೆಸಿದವರ ಅಭ್ಯಾಸ ಅದರಲ್ಲಿಲ್ಲ. ಅದನ್ನು ನೀವೇ ಮಾಡಬೇಕು. ಹಾಗೆ ಮಾಡಿದವರಿಗೆ ಆ ನಾದ ಈ ಸಣ್ಣ ಪೆಟ್ಟಿಗೆಯಿಂದಲೂ ಖಂಡಿತ ಒಲಿಯುತ್ತದೆ.