ನೊಂದವರ ಮುಂದೆ ಪ್ರಸಂಗ

ಬೆಂಗಳೂರಿನ ಜಯನಗರ, ಬಿಟಿಎಂ ಕಡೆಯ ಚರ್ಚುಗಳಲ್ಲಿ ಭಾನುವಾರ ಪ್ರಸಂಗಕ್ಕೆ ನಿಲ್ಲುವವರು ಒಂದನ್ನು ಮರೆಯಬಾರದು: ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಮನೋರೋಗ-ನರರೋಗಗಳ ಆಸ್ಪತ್ರೆಯಾದ ನಿಮ್ಹಾನ್ಸ್ ಎರಡೂ ಇಲ್ಲೇ ಹೊಸೂರು ರಸ್ತೆಯ ಆಸುಪಾಸಿನಲ್ಲಿವೆ. ಹಿಂದಿನ ಸಾಲಿನಲ್ಲಿ ತಲೆತುಂಬ ಸೆರಗು ಹೊದ್ದು ಕೂತ ಹೆಂಗಸಿನ ಕೂದಲು ಕೀಮೋಗೆ ಉದುರಿರಬಹುದು. ಮಡಿಲಲ್ಲಿ ಬೈಬಲ್ಲಿನ ಕೆಳಗೆ ಸ್ಕ್ಯಾನ್ ರಿಪೋರ್ಟಿನ ಫೈಲೂ ಇರಬಹುದು. ಅಂಥವರಿಗೆ 'ನಿಮ್ಮ ವಿಶ್ವಾಸ ಸಾಲದು, ಅದಕ್ಕೇ ವಾಸಿಯಾಗಿಲ್ಲ' ಎನ್ನುವುದು ಕ್ರೌರ್ಯ. ಬೈಬಲ್ಲೇ ಅದನ್ನು ಒಪ್ಪುವುದಿಲ್ಲ. ಎಲ್ಲ ಕಳೆದುಕೊಂಡು ನರಳುತ್ತಿದ್ದ ಯೋಬನ ಮೂವರು ಗೆಳೆಯರು ಏಳು ಹಗಲು, ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಅವರು ಮಾಡಿದ್ದು ಸರಿಯೇ. ನೀನೇನೋ ಪಾಪ ಮಾಡಿರಬೇಕು ಎಂದು ಕಾರಣ ಹುಡುಕಹೊರಟಾಗ ಕೆಟ್ಟರು, ಕೊನೆಗೆ ದೇವರ ಕೋಪಕ್ಕೇ ಗುರಿಯಾದರು. ಬೈಬಲ್ಲಿನ 150 ಕೀರ್ತನೆಗಳಲ್ಲಿ ಎಷ್ಟೊಂದು ಬರೀ ಗೋಳು! 88ನೆಯದಂತೂ ಸಮಾಧಾನ ಕಾಣದೆ ಕತ್ತಲಲ್ಲೇ ಮುಗಿದುಹೋಗುತ್ತದೆ. ಅದನ್ನು ಸಭೆಯ ಮುಂದೆ ಪೂರ್ತಿ ಓದುವ ಬೋಧಕರನ್ನು ನಾನು ಕಂಡಿದ್ದು ಕಡಿಮೆ. ಸತ್ತ ಲಾಜರನನ್ನು ಎಬ್ಬಿಸಲು ಬಂದ ಯೇಸು ಕೂಡ ಮೊದಲು ಅತ್ತನಲ್ಲವೇ? ಸಭಾಪಾಲಕರೇ, ಮುಂದಿನ ಭಾನುವಾರ ಆ 88ನೆಯ ಕೀರ್ತನೆಯನ್ನೇ ಓದಿ. ವಾರದ ನಡುವೆ ಕಾಯಿಲೆಯವರ ಮನೆಗೆ ಹೋಗಿ, ಬೋಧಿಸದೆ ಅವರ ಮಾತನ್ನು ಕೇಳಿ ಬನ್ನಿ.