ವೋಟು ಅಂದ್ರ ಸಾಕ್ಷಿ ಅಲ್ಲ

ಭಾಗ 1

ದೋಸ್ತರ, ಒಂದು ಪ್ರಶ್ನೆ ನನಗ ಮೆಸೇಜ್‌ನಾಗ ಬರ್ತಾನ ಇರ್ತೈತಿ: "ನೀವು ಕ್ರೈಸ್ತರು ವೋಟು ಯಾರಿಗೆ ಹಾಕ್ತೀರಿ?" ಕೇಳೋ ಬಹಳ ಮಂದಿ ಉತ್ತರಾನೂ ಕಿಸೆದಾಗ ಇಟ್ಕೊಂಡ ಕೇಳ್ತಾರ. ನಿಮ್ಮದು ಕೈಗೇ ಅಲ್ಲೇನು, ಅಂತ. ಅಷ್ಟು ಸರಳ ಇದ್ದಿದ್ರ ನಾ ಇಷ್ಟುದ್ದ ಬರೀತಿದ್ದಿಲ್ಲ.

ನಮ್ಮ ಅಥಣಿ ಕ್ಷೇತ್ರದ ಕಥಿ ನಿಮಗ ಗೊತ್ತೇ ಐತಿ. ಆದ್ರೂ ಒಮ್ಮೆ ಸಾಲಾಗಿ ಇಟ್ಟು ನೋಡ್ರಿ. 2018ರಲ್ಲಿ ಕಾಂಗ್ರೆಸ್‌ನಿಂದ ಮಹೇಶ ಕುಮಠಳ್ಳಿ, ಬಿಜೆಪಿಯಿಂದ ಲಕ್ಷ್ಮಣ ಸವದಿ. ಸವದಿಯವರು ಸುಮಾರು 2,300 ವೋಟಿನಿಂದ ಸೋತ್ರು. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಬಿತ್ತು, ಅನರ್ಹರಾದ 17 ಶಾಸಕರೊಳಗ ಕುಮಠಳ್ಳಿಯವರೂ ಒಬ್ಬರು. ಆಗಸ್ಟ್‌ನಲ್ಲಿ, ಸೋತಿದ್ದ ಸವದಿಯವರು ಉಪಮುಖ್ಯಮಂತ್ರಿ ಆದ್ರು. ಡಿಸೆಂಬರ್ ಉಪಚುನಾವಣೆಯಲ್ಲಿ ಕುಮಠಳ್ಳಿಯವರು ಈ ಸಲ ಬಿಜೆಪಿಯಿಂದ ಗೆದ್ರು. 2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ಸಿಗದ ಸವದಿಯವರು ಕಾಂಗ್ರೆಸ್‌ಗೆ ಬಂದ್ರು.

ಅಂದ್ರ ಮೇ 10ಕ್ಕೆ ನಾ ಮೊದಲ ಸಲ ವೋಟಿಂಗ್ ಮಷೀನ್ ಮುಂದ ನಿಂತಾಗ ಅಲ್ಲಿದ್ದೋರು 2018ರ ಅದೇ ಇಬ್ಬರು. ಚಿಹ್ನೆ ಅಷ್ಟೇ ಅದಲು ಬದಲು. ಬಾಜೂಕಿನ ಕಾಗವಾಡದಾಗೂ ಶ್ರೀಮಂತ ಪಾಟೀಲ, ರಾಜು ಕಾಗೆ ಅವರದು ಡಿಟ್ಟೋ ಇದೇ ಕಥಿ. ಪಕ್ಷ ನೋಡಿ ವೋಟು ಹಾಕ್ರಿ ಅಂತ ಹೇಳೋರು ನಮ್ಮ ಕಡೆ ಬಂದು ಒಂದು ಚುನಾವಣಿ ಮಾಡಿ ನೋಡ್ಲಿ.

ಭಾಗ 2

ನಮ್ಮ ಮನ್ಯಾಗ ಮೂರು ವೋಟು, ನಂದು ನಾಕನೇದು. ಮೂರಕ್ಕೂ ಮೂರು ತಕ್ಕಡಿ.

ಆಯಿದು ನೀರಿನ ತಕ್ಕಡಿ. ಕೃಷ್ಣಾ ನದಿ ನಮ್ಮ ತಾಲ್ಲೂಕಿನ ಒಂದು ಮಗ್ಗಲಿಗೆ ಹರೀತಾಳ, 2019ರ ಆಗಸ್ಟ್‌ನಾಗ ದಂಡಿ ಊರುಗಳ ಮನಿ ಮುಳುಗಿಸಿದ್ಲು. ಪೂರ್ವಕ್ಕ ನಮ್ಮ ಮಡ್ಡಿ ಊರುಗಳಿಗೆ ಬಂದ್ರ ಬ್ಯಾಸಗಿಗೆ ಟ್ಯಾಂಕರ್ ದಾರಿ ಕಾಯಬೇಕು, ದ್ರಾಕ್ಷಿ ಪಡ ಉಳಿಸ್ಕೊಳ್ಳಾಕ ಬೋರಿನ ಮ್ಯಾಲ ಬೋರು ಕೊರಸಬೇಕು. ಏತ ನೀರಾವರಿ ಅನ್ನೋ ಮಾತು ಕೇಳಿ ಕೇಳಿ ಆಯಿಗೆ ವಯಸ್ಸಾತು. "ಯಾಂವ ನೀರ ತರ್ತಾನ, ಅಂವಂದು ದೇವರಿಗೆ ಬಿಟ್ಟಿದ್ದು" ಅಂತಾಳ. ಮುಂದಿನ ಲೆಕ್ಕ ಆಕಿಗೆ ಬ್ಯಾಡ.

ಅಪ್ಪಂದು ಮಾತಿನ ತಕ್ಕಡಿ. ಜನ ಒಂದು ಚಿಹ್ನೆಗೆ ಒತ್ತಿದ ವೋಟು ಒಯ್ದು ಇನ್ನೊಂದು ಚಿಹ್ನೆಗೆ ಕೊಟ್ರ ಅದು ಮೋಸ ಅಂತ ಅವನ ವಾದ. ಸರಿ, ಹಂಗಾರ ಟಿಕೆಟ್ ಸಿಗಲಿಲ್ಲಂತ ಪಕ್ಷ ಬಿಟ್ಟಿದ್ದು ಏನು? ಅದಕ್ಕ ಅಪ್ಪ "ಅದು ಬ್ಯಾರೆ" ಅಂತಾನ. ಹೆಂಗ ಬ್ಯಾರೆ ಅಂತ ಇನ್ನೂ ಹೇಳಿಲ್ಲ.

ಅವ್ವಂದು ನಡತಿ ತಕ್ಕಡಿ. 2012ರ ಫೆಬ್ರುವರಿ ಆಕಿ ಮರ್ತಿಲ್ಲ. ಸದನದಾಗ ಮೊಬೈಲ್‌ನಲ್ಲಿ ಅಶ್ಲೀಲ ವಿಡಿಯೊ ನೋಡಿದ ಆರೋಪದ ಗದ್ದಲದಾಗ ಮೂವರು ಸಚಿವರು ರಾಜೀನಾಮೆ ಕೊಟ್ರಲ್ಲ, ಅವರೊಳಗ ಸವದಿಯವರೂ ಒಬ್ಬರು. ಎಷ್ಟೋ ವರ್ಷ ಆತು, ಮಂದಿ ನಡುವೆ ಮತ್ತ ನಿಂತಾರ ಅಂದ್ರೂ ಅವ್ವ ಕೇಳೋದಿಲ್ಲ. ಕ್ಷಮಾ ಬ್ಯಾರೆ, ಕುರ್ಚಿ ಬ್ಯಾರೆ ಅಂತಾಳ. ಈ ಮಾತಿನಾಗ ತೂಕ ಐತಿ, ನಾ ಸುಳ್ಳು ಹೇಳಂಗಿಲ್ಲ. ಆದ್ರ ಅವ್ವನ ತಕ್ಕಡಿ ಹಿಡ್ಕೊಂಡು ಹೊಂಟ್ರ ನಮ್ಮ ಜಿಲ್ಲಾದಾಗ ವೋಟು ಹಾಕಾಕ ಎಷ್ಟು ಮಂದಿ ಉಳೀತಾರ?

ಭಾಗ 3

ಈಗ ನಾಲ್ಕನೇ ತಕ್ಕಡಿಗೆ ಬರೂಣು. ನೀವು ಕೇಳೋ ಪ್ರಶ್ನೆ ಖರೇನ ಇದರ ಬಗ್ಗೆನ.

2021ರ ಡಿಸೆಂಬರ್ 23. ನಮ್ಮದೇ ಬೆಳಗಾವಿಯ ಸುವರ್ಣಸೌಧದಾಗ ವಿಧಾನಸಭೆ ಮತಾಂತರ ನಿಷೇಧ ಮಸೂದೆ ಪಾಸ್ ಮಾಡ್ತು. 2022ರ ಮೇ ತಿಂಗಳಾಗ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತೂ ಒಪ್ಪಿತು. ಒತ್ತಾಯ, ಆಮಿಷದ ಮತಾಂತರ ತಡೆಯಾಕ ಅಂತ ಸರ್ಕಾರ ಹೇಳ್ತು. ಒತ್ತಾಯ ಮಾಡಿದಾಂವಗ ಶಿಕ್ಷೆ ಆಗ್ಲಿ, ನಂದೇನೂ ತಕರಾರಿಲ್ಲ. ಆದ್ರ ಒಳಗ ಏನೈತಿ ಓದ್ರಿ. ಧರ್ಮ ಬದಲಿಸೋನು 30 ದಿನ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಸಂಬಂಧಿಕರು ಬಿಡ್ರಿ, ಜೋಡಿ ಕೆಲಸ ಮಾಡೋರೂ ದೂರು ಕೊಡಬಹುದು. ತಪ್ಪು ಮಾಡಿಲ್ಲ ಅಂತ ತೋರಿಸೋ ಹೊರಿ ಆರೋಪ ಹೊತ್ತಾಂವನ ಮ್ಯಾಲ. ಮತಾಂತರ ಆದೋರು ಹೆಣ್ಣುಮಕ್ಕಳು, ದಲಿತರು ಇದ್ರ ಶಿಕ್ಷೆ 10 ವರ್ಷದ ತನಕ.

ದಲಿತ ಕ್ರೈಸ್ತರಿಗೆ ಇದು ಯಾಕ ಜಾಸ್ತಿ ಚುಚ್ಚತೈತಿ ಗೊತ್ತೇನು? 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಬಿಟ್ಟು ಬ್ಯಾರೆ ಧರ್ಮದೋರು ಪರಿಶಿಷ್ಟ ಜಾತಿ ಅನಿಸ್ಕೊಳ್ಳಂಗಿಲ್ಲ. ದೇವರು ಬದಲಾದ್ರೂ ಕೇರಿ ಬದಲಾಗೋದಿಲ್ಲ, ಆದ್ರ ಸರ್ಟಿಫಿಕೇಟ್ ಹೋಗತೈತಿ. ಹಿಂಗಾಗಿ ಎಷ್ಟೋ ಮಂದಿ ಭಾನುವಾರ ಒಂದು, ಕಾಗದದಾಗ ಒಂದು ಅಂತ ಬದುಕತಾರ. ಅಂಥೋರಿಗೆ ಒಂದು ದೂರು ಸಾಕು.

ಆ ವರ್ಷ ನಮ್ಮ ಮನಿ ಪ್ರಾರ್ಥನಾದಾಗ ಹಾಡು ಸಣ್ಣ ದನಿಲೆ ಹಾಡಿದ್ವಿ. ಬಾಜೂ ಮನಿಯೋರ ಅಂಜಿಕಿ ಅಲ್ಲ, ಅವರು ನನ್ನನ್ನ ತೊಟ್ಟಿಲದಾಗ ನೋಡಿದೋರು. ಯಾಂವರೆ ಹೊರಗಿನಾಂವ ಕಿಡಕಿಯಿಂದ ವಿಡಿಯೊ ಮಾಡ್ಕೊಂಡು ಹೋದ್ರ ಏನಪಾ ಅನ್ನೋ ಅಂಜಿಕಿ.

ಸರಿ, ಹಂಗಾರ ಉತ್ತರ ಸಿಕ್ತಲ್ಲ, ಕಾಯ್ದೆ ತಂದ ಪಕ್ಷಕ್ಕ ಹಾಕಬಾರದು ಅಂತೀರಿ? ತಡೀರಿ. ವಿಧಾನಸಭೆ ಒಪ್ಪಿದಾಗ ಕುಮಠಳ್ಳಿಯವರು ಬಿಜೆಪಿ ಶಾಸಕರು. ಪರಿಷತ್ತು ಒಪ್ಪಿದಾಗ ಸವದಿಯವರು ಬಿಜೆಪಿ ಪರಿಷತ್ ಸದಸ್ಯರು. ಧ್ವನಿಮತ, ಆಡಳಿತ ಪಕ್ಷದ ಧ್ವನಿ. ನಾ ಒತ್ತೋ ಎರಡೂ ಗುಂಡಿ ಆ ಕಾಯ್ದೆ ಹುಟ್ಟಿದ ಮನ್ಯಾಗ ಇದ್ದವ!

ಭಾಗ 4

ಇಲ್ಲಿ ಬಂದು ಬಹಳ ಮಂದಿ ನೋಟಾ ಅಂತಾರ. 2013ರಾಗ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಹಕ್ಕು ಅದು, ಹೀಗಳೆಯೋದಿಲ್ಲ. ಆದ್ರ ನೋಟಾಕ್ಕ ಎಲ್ಲರಕಿಂತ ಜಾಸ್ತಿ ಬಿದ್ರೂ ವಿಧಾನಸಭೆಗೆ ಉಳಿದವರೊಳಗ ಮುಂದಿದ್ದಾಂವನ ಹೋಗತಾನ. ನಮ್ಮ ಬೈಬಲ್‌ನಾಗ ಪಿಲಾತ ಅಂತ ಒಬ್ಬ ಅಧಿಕಾರಿ ಬರ್ತಾನ. ಯೇಸುನ ಶಿಲುಬಿಗೆ ಕಳಿಸೋ ಮುಂದ ಮಂದಿ ಎದುರು ನೀರು ತರಿಸಿ ಕೈ ತೊಳ್ಕೊಂಡಾಂವ. ಕೈ ಸ್ವಚ್ಛ ಆತು, ತೀರ್ಪೇನು ಬದಲಾಗಲಿಲ್ಲ. ನೋಟಾ ಒತ್ತಬೇಕು ಅಂದಾಗೆಲ್ಲ ನನಗ ಆ ನೀರು ನೆನಪಾಗತೈತಿ.

ನನ್ನ ಮಟ್ಟಿಗೆ ಗಂಟು ಬಿಚ್ಚಿದ್ದು ಬ್ಯಾರೆ ಕಡೆ. ನಮ್ಮ ಕೂಟದಾಗ ಒಬ್ಬೊಬ್ರು ಎದ್ದು ನಿಂತು ದೇವರು ತಮಗ ಏನು ಮಾಡ್ಯಾನ ಅಂತ ಹೇಳ್ತಾರ, ಅದಕ್ಕ ಸಾಕ್ಷಿ ಅಂತೇವಿ. ಸಾಕ್ಷಿ ಅಂದ್ರ ಪೂರಾ ಮನಸ್ಸು, ಅರ್ಧಾ ಮರ್ಧಾ ಇಲ್ಲ. ನಾವು ವೋಟನ್ನೂ ಹಂಗ ಮಾಡಿಟ್ಟೇವಿ. ನಾ ಇವರಿಗೆ ಹಾಕಿದೆ, ಅಂದ್ರ ಇವರು ಒಳ್ಳೇವ್ರು, ಇನ್ನ ಐದು ವರ್ಷ ಇವರು ಏನು ಮಾಡಿದ್ರೂ ನಾ ಸಮರ್ಥನಾ ಮಾಡಬೇಕು. ಹಂಗ ಅಂದ್ಕೊಂಡ್ರ ವೋಟು ಹಾಕೋದು ಖರೇನ ಪಾಪದ ಕೆಲಸ ಆಗತೈತಿ. ಯಾಕಂದ್ರ ಅಂಥಾ ಸಾಕ್ಷಿಗೆ ಲಾಯಕ್ ಆದೋರು ಯಾರೂ ನಿಂತಿರೋದಿಲ್ಲ. ವೋಟು ಅಂದ್ರ ಒಂದು ಕೆಲಸಕ್ಕ ಇದ್ದವರೊಳಗ ಒಬ್ಬನ್ನ ಹಚ್ಚೋದು. ಹೊಲಕ್ಕ ಆಳು ಹಚ್ಚಿದ ಮ್ಯಾಲ ಸಂಜಿಕ ಹೋಗಿ ಬದು ನೋಡಿ ಬರೋದಿಲ್ಲೇನು?

ಬೆಳಗಾವಿ ಕಡೆ ಮೆಥೋಡಿಸ್ಟ್ ಸಭೆಗಳು ಅದಾವಲ್ಲ, ಆ ಪಂಥ ಶುರು ಮಾಡಿದ ಜಾನ್ ವೆಸ್ಲಿ 1774ರ ಅಕ್ಟೋಬರ್ 6ರಂದು ಇಂಗ್ಲೆಂಡಿನಾಗ ತನ್ನ ಕಡೆಯ ಮತದಾರರಿಗೆ ಮೂರು ಮಾತು ಹೇಳಿದ್ದ. ರೊಕ್ಕ ಮುಟ್ಟದ ಯೋಗ್ಯ ಅನಿಸಿದಾಂವಗ ವೋಟು ಹಾಕ್ರಿ. ಯಾರಿಗೆ ಹಾಕಲಿಲ್ಲೋ ಅಂವನ ಬಗ್ಗೆ ಕೆಟ್ಟ ಆಡಬ್ಯಾಡ್ರಿ. ಆ ಕಡೆ ಹಾಕಿದೋರ ಮ್ಯಾಲ ಮನಸ್ಸು ಹರಿತ ಮಾಡ್ಕೋಬ್ಯಾಡ್ರಿ. ಸುಮಾರು 250 ವರ್ಷ ಹಳೇ ಮಾತು. ಚುನಾವಣಿ ಹಿಂದಿನ ರಾತ್ರಿ ಬಾಗಲಾ ಬಡಿಯೋ ಕವರ್ ನೋಡಿದೋರಿಗೆ, ರಿಸಲ್ಟ್ ದಿನ ಒಂದೇ ಬೆಂಚಿನ ದೋಸ್ತರು ಸ್ಟೇಟಸ್ ಹಾಕಿ ಕಡಿದಾಡಿದ್ದು ನೋಡಿದೋರಿಗೆ ಹಳೇದು ಅನಿಸೋದಿಲ್ಲ. ಮೂರರಾಗ ಕಠಿಣ ಯಾವುದು ಅಂತೀರಿ? ಮೊದಲನೇದು ಅಲ್ಲ. ಕವರ್ ವಾಪಸ್ ಕೊಡಬಹುದು. ಮೂರನೇದು.

ಭಾಗ 5

ಯಾರಿಗೆ ಹಾಕಿದೆ ಅಂತ ಹೇಳಂಗಿಲ್ಲ. ಗುಪ್ತ ಮತದಾನ, ಮನ್ಯಾಗೂ ಹೇಳಿಲ್ಲ. ಎರಡು ವಿಷಯ ತೂಗಿ ಹಾಕಿದೆ ಅಷ್ಟೇ. ಒಂದು, ನಮ್ಮ ನಾಕು ಮನಿ ಅಂಜಿಕಿ. ಇನ್ನೊಂದು, ಇಡೀ ಊರಿನ ನೀರು. ಬರೇ ನನ್ನ ಮಂದಿದಷ್ಟ ನೋಡಿ ಒತ್ತಿದ್ರ, ನೆರಿಯವನ್ನ ನಿನ್ನಂಗ ನೋಡು ಅಂತ ಕಲಿಸಿದ ಸ್ವಾಮಿಗೆ ನಾ ಏನು ಹೇಳ್ಲಿ? ಬರೇ ನೀರು ನೋಡಿ ಒತ್ತಿದ್ರ, ಸಣ್ಣ ದನಿಲೆ ಹಾಡಿದ ಅವ್ವಗ ಏನು ಹೇಳ್ಲಿ? ಎರಡೂ ಒಂದೇ ಗುಂಡಿಯೊಳಗ ಪೂರಾ ಸಿಗಲಿಲ್ಲ, ಮನಸ್ಸು ಅರ್ಧಾ ಇಟ್ಕೊಂಡ ಒತ್ತಿ ಬಂದೆ.

ಸವದಿಯವರು 76 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ರು. 2023ರ ಜೂನ್ 15ಕ್ಕ ಹೊಸ ಸರ್ಕಾರದ ಸಂಪುಟ ಆ ಕಾಯ್ದೆ ವಾಪಸ್ ಪಡೆಯೋ ತೀರ್ಮಾನ ಮಾಡ್ತು. ಅವ್ವ ಆ ದಿನ ಸಿರಾ ಮಾಡಿದ್ಲು. ನಾ ತಿಂದೆ ಖರೆ, ಆದ್ರ ಸಂಪುಟದ ತೀರ್ಮಾನ ಬ್ಯಾರೆ, ಸದನದಾಗ ಆಗೋದು ಬ್ಯಾರೆ ಅಂತ ಆಕಿಗೆ ಹೇಳಿದೆ.

ಶಾಸಕರು ಊರಿಗೆ ಬಂದಾಗ ಕೇಳಾಕ ಎರಡು ಪ್ರಶ್ನೆ ಒಂದು ಹಾಳಿ ಮ್ಯಾಲ ಬರೆದಿಟ್ಟೇನಿ. 2022ರ ಸೆಪ್ಟೆಂಬರ್‌ನಾಗ ಪರಿಷತ್ತಿನಾಗ ನೀವು ಏನು ಅಂದ್ರಿ, ಈಗ ಏನು ಅಂತೀರಿ? ಮತ್ತ ನಮ್ಮ ಮಡ್ಡಿ ಹೊಲಕ್ಕ ನೀರು ಯಾವಾಗ? ಆಯಿ ಆ ಹಾಳಿ ಓದಿಸ್ಕೊಂಡು ಕೇಳಿದ್ಲು. ನೀರಿಂದು ಮ್ಯಾಲ ಬರಿ ಅಂದ್ಲು.

#ತೆಲಸಂಗ #ಅಥಣಿ #ಮೊದಲ_ವೋಟು #ಮಡ್ಡಿ_ಮಾತು