ಆಕಸ್ಮಿಕ ಸಾವು: ಕೊರೋನರ್ ಹೋದ ಮೇಲೆ ಕೇಳುವವರು ಯಾರು?

ಮುಂಬಯಿಯಲ್ಲಿ ಕೊರೋನರ್ ಕೋರ್ಟ್ ಎಂಬುದೊಂದಿತ್ತು, ಹಳಬರಿಗೆ ನೆನಪಿದ್ದೀತು. 1871ರ ಕಾಯ್ದೆಯಂತೆ ನಡೆಯುತ್ತಿದ್ದ ಅದು 1999ರ ಜುಲೈಯಲ್ಲಿ ರದ್ದಾಯಿತು. ಮಹಡಿಯಿಂದ ಬಿದ್ದವರು, ವಿಷ ಸೇವಿಸಿದವರು, ಜೈಲಿನಲ್ಲಿ ತೀರಿಕೊಂಡವರು ಯಾವಾಗ, ಹೇಗೆ ಸತ್ತರೆಂದು ಕೊರೋನರ್ ಸಾಕ್ಷಿಗಳನ್ನು ಕರೆಸಿ ವಿಚಾರಿಸುತ್ತಿದ್ದರು. ಶಿಕ್ಷೆ ಕೊಡುವ ಅಧಿಕಾರ ಅವರಿಗಿರಲಿಲ್ಲ. ಆದರೆ ಪೊಲೀಸರು ಬರೆದದ್ದೇ ಕೊನೆಯ ಮಾತಾಗುತ್ತಿರಲಿಲ್ಲ.

ಈಗ ಆ ಕೆಲಸ ಬಹುಪಾಲು ಠಾಣೆಯದ್ದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಂತೆ ಪೊಲೀಸರು ನೆರೆಹೊರೆಯ ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ವರದಿ ಕಳುಹಿಸಬೇಕು. ಕಸ್ಟಡಿ ಸಾವು, ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳ ಆತ್ಮಹತ್ಯೆ ಅಥವಾ ಸಂಶಯಾಸ್ಪದ ಸಾವು ಇದ್ದರೆ ಮಾತ್ರ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ. ಉಳಿದದ್ದೆಲ್ಲ 'ಎ.ಡಿ.ಆರ್.' ಫೈಲು.

ಇಂಗ್ಲೆಂಡಿನಲ್ಲಿ ಕೊರೋನರ್ ಇಂದಿಗೂ ಇದ್ದಾರೆ. ಒಂದು ಸಾವಿನಿಂದ ಮುಂದಿನ ಸಾವು ತಪ್ಪಿಸಬಹುದೆಂದು ಕಂಡರೆ ಸಂಬಂಧಪಟ್ಟ ಆಸ್ಪತ್ರೆಗೋ ಇಲಾಖೆಗೋ ಪತ್ರ ಬರೆಯುತ್ತಾರೆ; 56 ದಿನಗಳಲ್ಲಿ ಉತ್ತರ ಕೊಡಲೇಬೇಕು. ನಮ್ಮಲ್ಲಿ 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳಿಂದ ಒಮ್ಮೆಗೇ ಹಲವರು ಬಿದ್ದು ನಾಲ್ಕೈದು ಜೀವ ಹೋದಾಗ ಬಾಗಿಲಿನ ಮಾತು ಬಂತು. ಒಬ್ಬೊಬ್ಬರೇ ಬೀಳುವ ದಿನ ಯಾರು ಪತ್ರ ಬರೆಯುತ್ತಾರೆ? ಹಳೆಯ ಕೋರ್ಟೇ ಮರಳಿ ಬರಬೇಕೆಂದು ನಾನು ಹೇಳಲಾರೆ. ಆ ಪತ್ರದ ಪದ್ಧತಿಯಂತೂ ಬೇಕು.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಇನ್ನೊಂದು ಕಾಣುತ್ತದೆ. ಪಂಚನಾಮೆಯ ಒಂದು ಸಾಲೇ ಸಂಸಾರದ ಭವಿಷ್ಯ. ಟಿಕೇಟು ಅಥವಾ ಪಾಸು ಇದ್ದವರು 'ಚಲಿಸುವ ಗಾಡಿಯಿಂದ ಬಿದ್ದರು' ಎಂದಿದ್ದರೆ ರೈಲ್ವೆ ಕಾಯ್ದೆಯ 124ಎ ಕಲಮಿನಂತೆ 8 ಲಕ್ಷ ರೂಪಾಯಿ ಪರಿಹಾರ ಕೇಳಬಹುದು. 'ಹಳಿ ದಾಟುವಾಗ' ಎಂದಿದ್ದರೆ ಸಾಮಾನ್ಯವಾಗಿ ಇಲ್ಲ. ದುಃಖದಲ್ಲಿರುವ ಮನೆಯವರು, ಶವ ಊರಿಗೆ ಒಯ್ಯುವ ಅವಸರದಲ್ಲಿ, ಮರಾಠಿಯಲ್ಲಿ ಬರೆದದ್ದನ್ನು ಓದದೆ ಸಹಿ ಹಾಕುತ್ತಾರೆ. ಆ ಹೊತ್ತಿಗೆ ಸಂಘದ ಕಾರ್ಯಕರ್ತರೊಬ್ಬರು ಜತೆಗಿದ್ದು ಓದಿ ಹೇಳಿದರೆ, ಹೂಮಾಲೆಗಿಂತ ದೊಡ್ಡ ಉಪಕಾರ.

ಮೃತರ ಪಾಸ್‌ಬುಕ್ಕನ್ನೂ ನೋಡಿರಿ. ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದ ಸಾವಿಗೆ 2 ಲಕ್ಷ. ಅದಕ್ಕೂ ಪೊಲೀಸ್ ಕಾಗದ, ಮರಣೋತ್ತರ ವರದಿ ಬೇಕು. ಎಷ್ಟೋ ವರದಿಗಳಲ್ಲಿ 'ಅಭಿಪ್ರಾಯ ಕಾಯ್ದಿರಿಸಲಾಗಿದೆ' ಎಂದಷ್ಟೇ ಇರುತ್ತದೆ. ಒಳಾಂಗಗಳ ಮಾದರಿ ಪ್ರಯೋಗಾಲಯದಿಂದ ಬರುವ ತನಕ ಕ್ಲೇಮು ನಿಂತೇ ಇರುತ್ತದೆ. ಠಾಣೆಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು, ಅಂತಿಮ ಕಾರಣದ ಪ್ರತಿಯನ್ನು ಬೆನ್ನುಹತ್ತಿ ಪಡೆಯಬೇಕು. ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ಲಿಗೆ ಅರ್ಜಿ ಹಾಕಲು ಇರುವುದು ಒಂದೇ ವರ್ಷ.